ಹಿತ್ತಾಳೆ ಕಿವಿಯ ವಂಶಾವಳಿ

ನಮ್ಮ ಬಂಧುಬಳಗದಲ್ಲಿ ಲೋಹಕ್ಕೆ ಬರವಿಲ್ಲ. ತಿಜೋರಿ ಖಾಲಿ, ಇರುವುದೆಲ್ಲ ಮೈಯಲ್ಲೇ. ಸೋದರಮಾವನದು ಕಂಚಿನ ಕಂಠ. ಮದುವೆಮನೆಯಲ್ಲಿ ಅವರು ಬಾಯಿ ತೆರೆದರೆ ಮೈಕಿನವನು ಬಾಡಿಗೆ ಕೇಳಲು ಸಂಕೋಚಪಡುತ್ತಾನೆ. ದೊಡ್ಡಮ್ಮನದು ಹಿತ್ತಾಳೆ ಕಿವಿ. ದೊಡ್ಡಮ್ಮನ ಮೊಮ್ಮಗನಿಗೆ ಗಣಿತ ಕಬ್ಬಿಣದ ಕಡಲೆ, ಆದರೂ ಅಜ್ಜಿಯ ಪಾಲಿಗೆ ಅವನು ಚಿನ್ನದಂಥ ಹುಡುಗ.

ಹೆಸರಿನ ಮೂಲ ಹುಡುಕಿದರೆ ಲೋಹಗಳಿಗೂ ಹೀಗೇ ಒಂದು ಕುಟುಂಬ. ಸಂಸ್ಕೃತದ ‘ಲೋಹ’ ಮೊದಲು ಕೆಂಪು ಬಣ್ಣದ ತಾಮ್ರವನ್ನು ಸೂಚಿಸುತ್ತಿತ್ತಂತೆ. ಆಮೇಲೆ ಕಬ್ಬಿಣಕ್ಕೆ ಸಂದು, ಕೊನೆಗೆ ಎಲ್ಲಕ್ಕೂ ಸಾಮಾನ್ಯ ಹೆಸರಾಯಿತು. ನಮ್ಮವರೂ ಬಣ್ಣ ನೋಡಿಯೇ ನಾಮಕರಣ ಮಾಡಿದವರು. ಬಿಳಿಯದು ಬೆಳ್ಳಿ. ಕರಿಯ ‘ಪೊನ್’ ಕರ್ಬುನವಾಗಿ, ಸವೆದು ಕಬ್ಬಿಣವಾಯಿತು ಎನ್ನುತ್ತಾರೆ ಪದಮೂಲ ಬಲ್ಲವರು. ಅಂದರೆ ಕಿಟಕಿಯ ಸರಳೂ ವಂಶದಲ್ಲಿ ಹೊನ್ನೇ! ಅಕ್ಷಯ ತೃತೀಯದ ಹಿಂದಿನ ದಿನ ಈ ಸಂಶೋಧನೆಯನ್ನು ಹೆಂಡತಿಯ ಮುಂದಿಟ್ಟೆ. “ಹೌದಾ? ಹಾಗಾದ್ರೆ ನೀವು ಕರೀದರ ಉಂಗುರ ಮಾಡಿಸ್ಕೊಳ್ಳಿ, ಶನಿಕಾಟಕ್ಕೂ ಒಳ್ಳೇದು. ನನಗೆ ಹಳದೀದೇ ಇರ್ಲಿ” ಎಂದಳು.

ಈ ಕುಟುಂಬದಲ್ಲಿ ವಿದೇಶಕ್ಕೆ ಹೋಗಿ ಹೆಸರು ಮಾಡಿದ್ದು ಉಕ್ಕು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಭಾರತದ ಉಕ್ಕಿನ ಮೇಲೆ ಪ್ರಬಂಧ ಮಂಡಿಸಿದಾಗ ಅದರ ಹೆಸರು ‘ವೂಟ್ಸ್’ ಆಗಿತ್ತು. ಅಮೆರಿಕಕ್ಕೆ ಹೋದ ಕೃಷ್ಣಮೂರ್ತಿ ‘ಕ್ರಿಸ್’ ಆದ ಹಾಗೆ, ನಮ್ಮ ಉಕ್ಕೇ ವೂಟ್ಸ್ ಆಯಿತೆಂದು ಬಹಳ ಮಂದಿ ವಿದ್ವಾಂಸರ ಅಭಿಪ್ರಾಯ.

ಮನುಷ್ಯರಿಗೆ ಲೋಹ ಹಂಚುವಾಗ ಮಾತ್ರ ಕನ್ನಡ ಬಣ್ಣಕ್ಕೆ ಮರುಳಾಗಲಿಲ್ಲ, ಗುಣ ನೋಡಿತು. ತಾಮ್ರಕ್ಕೆ ತವರ ಬೆರೆತರೆ ಕಂಚು. ಗಂಟೆಯಾಗಿ ಊರಿಗೆಲ್ಲ ಕೇಳಿಸುತ್ತದೆ. ಅದನ್ನು ಗಂಟಲಿಗೆ ಕೊಟ್ಟರು. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ. ದೂರಕ್ಕೆ ಚಿನ್ನ, ತಟ್ಟಿದವರಿಗೆಲ್ಲ ಠಣ್ ಎನ್ನುತ್ತದೆ. ಅದು ಕಿವಿಗೆ ಹೋಯಿತು. ದೊಡ್ಡಮ್ಮನನ್ನು ನೋಡಿದವರಿಗೆ ಇದಕ್ಕಿಂತ ಪುರಾವೆ ಬೇಡ. ಹಾಲಿನವನು ಬೆಳಿಗ್ಗೆ “ಎದುರುಮನೆಯೋರು ಮನೆ ಮಾರ್ತಾರಂತೆ” ಎಂದ. ಹತ್ತು ಗಂಟೆಗೆ ಅದು ಸಾಲದ ಸುದ್ದಿಯಾಗಿತ್ತು. ಮಧ್ಯಾಹ್ನ ದೊಡ್ಡಮ್ಮ ಒಂದು ಡಬ್ಬಿ ಚಕ್ಕುಲಿ ಹಿಡಿದು ಎದುರುಮನೆಗೆ ಸಮಾಧಾನ ಹೇಳಲು ಹೋದರು. ಮನೆಯವರು ಸುಣ್ಣ ಬಳಿಸುತ್ತಿದ್ದರು. ಚಕ್ಕುಲಿ ಬಳಿಯುವವರಿಗೆ ಸಂದಿತು.

ಹಿತ್ತಾಳೆಯ ಸಂಸಾರವೇ ಹಾಗೆ, ರಗಳೆಯದು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿಟ್ಟರೆ ಕಿಲುಬು. ಕಬ್ಬಿಣಕ್ಕೆ ತುಕ್ಕು. ಇಂಥ ದೌರ್ಬಲ್ಯ ಇದ್ದುದರಿಂದಲೇ ಇವು ಅಡುಗೆಮನೆಯಿಂದ ಮಾತಿಗೆ ನುಗ್ಗಿದವೆಂದು ನನ್ನ ವಾದ. ಸ್ಟೀಲನ್ನೇ ನೋಡಿ. 1913ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಕಬ್ಬಿಣಕ್ಕೆ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ. ಅದೀಗ ಲೋಟದಿಂದ ಕೊಳಗದವರೆಗೆ ಅಡುಗೆಮನೆಯನ್ನೇ ಆಳುತ್ತಿದೆ, ಆದರೆ ಅದರ ಹೆಸರಿನಲ್ಲಿ ಒಂದು ಬೈಗುಳವೂ ಇಲ್ಲ. ಉಕ್ಕಿನ ಮನುಷ್ಯ ಎಂದರೆ ಸರದಾರ್ ಪಟೇಲರು. ಸ್ಟೀಲಿನ ಮನುಷ್ಯ ಎಂದರೆ ಪಾತ್ರೆ ಅಂಗಡಿಯವನು.

ಮೊನ್ನೆ ದೊಡ್ಡಮ್ಮನನ್ನು ಹೊಸ ಅಳಿಯ ಹೇಗೆಂದು ಕೇಳಿದೆ. ಸಿಟ್ಟಿಲ್ಲ, ಚಟವಿಲ್ಲ, ಮಾತೂ ಇಲ್ಲದ ಹುಡುಗ ಅವನು.

“ಒಳ್ಳೆಯವನೇ ಕಣೋ,” ದೊಡ್ಡಮ್ಮ ನಿಟ್ಟುಸಿರಿಟ್ಟರು, “ಆದ್ರೆ ಶುದ್ಧ ಸ್ಟೀಲು. ಹುಣಸೆಹಣ್ಣು ಹಾಕಿ ಉಜ್ಜೋಣ ಅಂದ್ರೆ ಏನೂ ಸಿಗಲ್ಲ.”