ಭತ್ತಕ್ಕೆ ಸುಗ್ಗಿ, ಬಿಲ್ಲಿಗೆ ತಿಂಗಳು: ಕ್ರೆಡಿಟ್ ಕಾರ್ಡಿನೊಡನೆ ಒಂದು ಸಂದರ್ಶನ

ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಗಳಲ್ಲಿ ಓಡಾಡಿಕೊಂಡಿರುವ ಕ್ರೆಡಿಟ್ ಕಾರ್ಡ್ ಈಗ ಕುರುಗೋಡು, ಸಿರುಗುಪ್ಪಗಳಿಗೂ ಕಾಲಿಟ್ಟಿದೆ. ‘ಮನೆ ಖರ್ಚು ಮಾಡಿ, ಪಾಯಿಂಟ್ ಗಳಿಸಿ, ಊರು ಸುತ್ತಿ’ ಎಂಬುದು ಅದರ ಘೋಷಣೆ. ಷರತ್ತುಗಳ ಪುಟವನ್ನು ಬದಿಗಿಟ್ಟು ಬಾಯಿಬಿಟ್ಟು ಮಾತಾಡಲು ಅದು ಒಪ್ಪಿದ್ದೇ ದೊಡ್ಡದು.

ಪ್ರಶ್ನೆ: ಖರ್ಚು ಮಾಡಿದವರಿಗೆ ಪುಕ್ಕಟೆ ಪ್ರಯಾಣ ಎನ್ನುತ್ತೀರಿ. ಆ ದುಡ್ಡು ಯಾರ ಜೇಬಿನದು?

ಕಾರ್ಡ್: ಎರಡು ಜೇಬು ಇವೆ ಸ್ವಾಮಿ. ಮೊದಲನೆಯದು ಅಂಗಡಿಯವರದು, ನನ್ನನ್ನು ಉಜ್ಜಿದಾಗಲೆಲ್ಲ ಅವರು ಬ್ಯಾಂಕಿಗೆ ಶುಲ್ಕ ತೆರುತ್ತಾರೆ. ಕೆಲವರು ‘ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ’ ಎಂದು ಅದನ್ನು ನಿಮ್ಮ ತಲೆಗೇ ಕಟ್ಟುತ್ತಾರೆ. ಹಾಗೆ ಕಟ್ಟಿದ ದಿನ ನೂರು ರೂಪಾಯಿಗೆ ನೀವು ತೆರುವುದು ಎರಡು ರೂಪಾಯಿ, ನಾನು ಕೊಡುವುದು ನಾಲ್ಕಾಣೆಯೋ ಎಂಟಾಣೆಯೋ. ಎರಡನೆಯ ಜೇಬು ಬಾಕಿ ಉಳಿಸಿಕೊಂಡವರದು. ಸಾಮಾನ್ಯವಾಗಿ ತಿಂಗಳಿಗೆ ಶೇ. 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ. 42ರಷ್ಟು ಬಡ್ಡಿ, ಮೇಲೆ ಶೇ. 18 ಜಿಎಸ್‌ಟಿ. ಬಡ್ಡಿ ಶೇ. 30 ದಾಟಿದರೆ ಅದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಅಂದಿನಿಂದ ನನ್ನ ಎದೆ ಇನ್ನಷ್ಟು ಅಗಲವಾಗಿದೆ.

ಪ್ರಶ್ನೆ: ನಿಮ್ಮ ಲೆಕ್ಕವನ್ನು ಒಂದು ಮನೆಗೆ ಹಚ್ಚೋಣ. ತಿಂಗಳಿಗೆ 20,000 ರೂಪಾಯಿ ಖರ್ಚು, ನೂರಕ್ಕೆ ಒಂದು ಪಾಯಿಂಟ್, ಪಾಯಿಂಟಿಗೆ 25 ಪೈಸೆ ಎಂದಿಟ್ಟುಕೊಳ್ಳಿ.

ಕಾರ್ಡ್: ವರ್ಷಕ್ಕೆ 2,400 ಪಾಯಿಂಟ್, ಅಂದರೆ 600 ರೂಪಾಯಿ. ಅದೇ ಮನೆ ಒಂದೇ ಒಂದು ತಿಂಗಳು ಆ 20,000ವನ್ನು ಮುಂದೂಡಿದರೆ ಬಡ್ಡಿ 700, ಜಿಎಸ್‌ಟಿ 126, ಒಟ್ಟು 826. ಹನ್ನೆರಡು ತಿಂಗಳು ಕೂಡಿಟ್ಟದ್ದನ್ನು ಒಂದು ತಿಂಗಳಲ್ಲಿ ನುಂಗಿ, ಮೇಲೆ ಇನ್ನೂರಕ್ಕೂ ಹೆಚ್ಚು ಕೇಳುತ್ತೇನೆ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ಒಂದು ಸಣ್ಣ ಮೊತ್ತ ಬರೆದಿರುತ್ತೇನಲ್ಲ, ಅದನ್ನು ಓದಿ ‘ಇಷ್ಟೇನಾ!’ ಎನ್ನುವವರೆಂದರೆ ನನಗೆ ಪ್ರಾಣ. ಅಷ್ಟನ್ನೇ ಕಟ್ಟಿದರೆ ತಡಪಾವತಿಯ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಹೋಗಿಬಿಡುತ್ತವೆ. ಎಟಿಎಂನಲ್ಲಿ ನನ್ನಿಂದ ನಗದು ತೆಗೆದರಂತೂ ಬಡ್ಡಿ ಅಂದಿನಿಂದಲೇ ಶುರು.

ಪ್ರಶ್ನೆ: ಪೂರ್ತಿ ಬಿಲ್ಲನ್ನು ಗಡುವಿನೊಳಗೆ ಕಟ್ಟುವವರೂ ಇದ್ದಾರಲ್ಲ? ಅವರಿಗೆ ಲಾಭವೇ ತಾನೆ?

ಕಾರ್ಡ್: ಖಂಡಿತ ಲಾಭ, ಅದನ್ನು ಅಲ್ಲಗಳೆಯಲಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೌಕರರಿಗೋ ಬಳ್ಳಾರಿಯ ಶಾಲಾ ಶಿಕ್ಷಕರಿಗೋ ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ನನ್ನ ಬಿಲ್ಲೂ ತಿಂಗಳಿಗೊಮ್ಮೆ. ಪೂರ್ತಿ ಮೊತ್ತ ಖಾತೆಯಿಂದ ತಾನಾಗಿಯೇ ಕಡಿತವಾಗುವಂತೆ ಇಟ್ಟು, ಹೇಗೂ ಕೊಳ್ಳಬೇಕಿದ್ದ ಅಕ್ಕಿ–ಬೇಳೆ, ಕರೆಂಟ್ ಬಿಲ್ಲಿಗೆ ಮಾತ್ರ ನನ್ನನ್ನು ಬಳಸಿದರೆ ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ಟಿಗೆ ಒಂದಿಷ್ಟು ಆಸರೆ ಸಿಕ್ಕೀತು. ರೈಲು ಟಿಕೆಟ್ಟಿಗೇ ಹೆಚ್ಚು ಪಾಯಿಂಟ್ ಕೊಡುವ ಕಾರ್ಡುಗಳೂ ಇವೆ. ವಿಮಾನದ ಲೌಂಜಿನ ಆಸೆಗಿಂತ ಈ ಕಡೆಯವರಿಗೆ ಅವೇ ಮೇಲು. 2022ರಿಂದ ರುಪೇ ಕಾರ್ಡನ್ನು ಯುಪಿಐಗೂ ಜೋಡಿಸಬಹುದು. ಆದರೆ ವ್ಯಾಪಾರಿ ಖಾತೆಯ ಕ್ಯುಆರ್ ಇದ್ದರೆ ಮಾತ್ರ ಹಣ ಹೋಗುತ್ತದೆ. ಸ್ವಂತ ಉಳಿತಾಯ ಖಾತೆಯ ಕ್ಯುಆರ್ ಅಂಟಿಸಿದ ಮಿರ್ಚಿ ಬಂಡಿಯ ಮುಂದೆ ನನ್ನ ದರ್ಪವೆಲ್ಲ ಇಳಿಯುತ್ತದೆ.

ಪ್ರಶ್ನೆ: ಸಿರುಗುಪ್ಪದ ಭತ್ತದ ರೈತರಿಗೂ ಇದೇ ಸಲಹೆಯೇ?

ಕಾರ್ಡ್: ಅಲ್ಲಿ ಲೆಕ್ಕ ತಿರುಗುತ್ತದೆ. ಅವರ ದುಡ್ಡು ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ, ನಾಟಿ ಮುಗಿದ ಮೇಲೆ, ಕೊಯ್ಲಾಗಿ ಮಿಲ್ಲಿನವರು ತೂಕ ಹಾಕಿದ ಮೇಲೆ ಬರುವಂಥದ್ದು. ನಾನೋ, ಹೆಚ್ಚೆಂದರೆ ಸುಮಾರು ಐವತ್ತು ದಿನ ಕಾಯುತ್ತೇನೆ; ನಾಟಿಯಿಂದ ಕೊಯ್ಲಿಗೆ ತಿಂಗಳುಗಟ್ಟಲೆ ಬೇಕು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಗದ್ದೆಗೆ ನೀರು ಸಿಕ್ಕೀತೋ ಇಲ್ಲವೋ ಎಂದು ಊರಿಗೆ ಊರೇ ಕಂಗಾಲಾಗಿತ್ತು. ನನ್ನ ಬಿಲ್ಲಿನ ತಾರೀಕು ಮಾತ್ರ ಒಂದು ದಿನವೂ ಕದಲಲಿಲ್ಲ.

ಪ್ರಶ್ನೆ: ಅಂದರೆ ರೈತರಿಗೆ ಶಿಸ್ತಿಲ್ಲ ಎನ್ನುತ್ತೀರಾ?

ಕಾರ್ಡ್: ಬ್ಯಾಂಕಿನವರು ಬೇಕಾದರೆ ಹಾಗೆನ್ನಲಿ, ನಾನು ಅನ್ನಲಾರೆ. ನನ್ನದೇ ಹೆಸರಿನ ದಾಯಾದಿ, 1998ರಲ್ಲಿ ಹುಟ್ಟಿದ ಕಿಸಾನ್ ಕ್ರೆಡಿಟ್ ಕಾರ್ಡನ್ನು ನೋಡಿ. ಅದು ಬೆಳೆಯ ಕೊಯ್ಲು, ಮಾರಾಟದ ಕಾಲ ನೋಡಿ ಗಡುವು ಕೊಡುತ್ತದೆ. ಬೆಳೆಸಾಲವನ್ನು ಹೇಳಿದ ಹೊತ್ತಿಗೆ ತೀರಿಸಿದವರಿಗೆ 3 ಲಕ್ಷದವರೆಗೆ ಬಡ್ಡಿ ವರ್ಷಕ್ಕೆ ಶೇ. 4 ಮಾತ್ರ. ಇನ್ನು ಸಹಕಾರ ಸಂಘಗಳಲ್ಲಿ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 5 ಲಕ್ಷಕ್ಕೆ ಏರಿಸಿತು. ರೈತರು ಅವರೇ, ಶಿಸ್ತೂ ಅದೇ. ಬದಲಾದದ್ದು ಸಾಲ ಕೊಟ್ಟವರ ಪಂಚಾಂಗ. ಶೇ. 4ರ ಸಾಲ ಕೈಗೆಟುಕುವಾಗ ಗೊಬ್ಬರದ ಬಾಕಿಯನ್ನು ಶೇ. 42ರ ನನ್ನ ಮೇಲೆ ಹೇರಿ ಪಾಯಿಂಟ್ ಎಣಿಸುವುದು ತಿರುಪತಿಗೆ ಟಿಕೆಟ್ ಸಿಗಲೆಂದು ಹೊಲ ಅಡವಿಟ್ಟಂತೆ.

ಪ್ರಶ್ನೆ: ಹಾಗಾದರೆ ನಿಮ್ಮನ್ನು ಯಾರು ಇಟ್ಟುಕೊಳ್ಳಬೇಕು?

ಕಾರ್ಡ್: ನಾನಿಲ್ಲದಿದ್ದರೂ ಆ ತಿಂಗಳ ಖರ್ಚು ನಡೆಸಬಲ್ಲವರು. ಅವರಿಗೆ ನಾನು ರೈಲು ಟಿಕೆಟ್ ಕೊಟ್ಟೇನು. ಆದರೆ ಎಲ್ಲರೂ ಹಾಗೇ ಆಗಿಬಿಟ್ಟರೆ ಪಾಯಿಂಟಿನ ದರ ಇಳಿಸುತ್ತೇನೆ, ವಾರ್ಷಿಕ ಶುಲ್ಕ ಏರಿಸುತ್ತೇನೆ, ಷರತ್ತಿನ ಪುಟವನ್ನು ಇನ್ನೆರಡು ಪುಟ ಬೆಳೆಸುತ್ತೇನೆ. ನಿಮ್ಮ ಜಾಣತನಕ್ಕೆ ಬೇರೆ ಯಾರದೋ ಬಾಕಿ ಬೇಕಲ್ಲ ಸ್ವಾಮಿ!