ಒತ್ತಿದ್ರೆ ಹೋಗ್ತತಿ

ಕೈಯಿಂದ ದುಡ್ಡು ಹಾಕಿ ಪುಸ್ತಕ ತರುವ ಸಾಹಿತಿಗಳಿಗೆ ದಾವಣಗೆರೆಯಲ್ಲಿ ಬರವಿಲ್ಲ. ವಿದ್ಯಾನಗರದಲ್ಲಿ ಒಬ್ಬರಿದ್ದರೆ ಪಿ.ಜೆ. ಬಡಾವಣೆಯಲ್ಲಿ ಇಬ್ಬರು, ಅವರಿಗೆಲ್ಲ ಹರಿಹರದಲ್ಲಿ ಒಬ್ಬೊಬ್ಬ ಪ್ರತಿಸ್ಪರ್ಧಿ. ಮೇಷ್ಟ್ರಾಗಿಯೋ ಬ್ಯಾಂಕಿನಲ್ಲೋ ಇದ್ದು ನಿವೃತ್ತರಾದವರು. ಊರಿಗೆಲ್ಲ ‘ಸರ್’. ಸರ್ ಮನೆಯ ದಿವಾನದ ಹಲಗೆ ಎತ್ತಿದರೆ ಹಾಸಿಗೆ, ಕಂಬಳಿ ಕಾಣುವುದಿಲ್ಲ. ಕಳೆದ ಕೃತಿಯ ಕಟ್ಟು ಬಿಚ್ಚದ ಪ್ರತಿಗಳು ಕಾಣುತ್ತವೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಸಾವಿರ ಪ್ರತಿ ಹಾಕಿಸಿದ್ದರ ಫಲ. ಊರಿಂದ ಬಂದ ನೆಂಟರು ಮಲಗುವುದು ಅದರ ಮೇಲೆಯೇ. ಹಾಗಾಗಿ ಸರ್ ಸಾಹಿತ್ಯದ ಸಂಪರ್ಕಕ್ಕೆ ಬಾರದ ಬಂಧುಗಳೇ ಇಲ್ಲ.

ಸರ್ ಪುಸ್ತಕ ಮಾರುವವರಲ್ಲ, ಕೊಡುವವರು. ಬರೀ ಕೊಡುವುದಿಲ್ಲ, ತೆರೆದು ಕೊಡುತ್ತಾರೆ. ‘ನಲವತ್ತೆರಡನೇ ಪುಟ ನೋಡ್ರಿ’ ಎಂದು ಅಲ್ಲಿ ಹೆಬ್ಬೆರಳು ಊರಿ ನಿಲ್ಲುತ್ತಾರೆ. ನೀವು ಓದಿ ತಲೆಯಾಡಿಸುವವರೆಗೆ ಬೆರಳು ತೆಗೆಯುವುದಿಲ್ಲ. ಓದುಗನನ್ನು ಮೊದಲ ಪುಟದಲ್ಲಿ ಬಿಟ್ಟರೆ ಅವನು ತಾನಾಗಿ ಒಳಗೆ ಬರುತ್ತಾನೆಂಬ ನಂಬಿಕೆ ಅವರಿಗೆ ಎಂದೂ ಇಲ್ಲ. ಅನುಭವವೂ ಹಾಗೇ ಹೇಳಿದೆ. ಇಂಥವರಿಗೆ ಬೆಂಗಳೂರಿನ ಮಗ ಫೋನಿನಲ್ಲಿ, “ಅಪ್ಪಾ, ಇ-ಬುಕ್ ಮಾಡ್ಸಿ. ಪರಿವಿಡೀಲಿ ಹೆಸರು ಒತ್ತಿದ್ರೆ ಸೀದಾ ಆ ಅಧ್ಯಾಯಕ್ಕೇ ಹೋಗುತ್ತೆ” ಎಂದುಬಿಟ್ಟ. ಖರ್ಚು ಕಡಿಮೆ, ಕಾಗದ ಬೇಡ, ದಿವಾನ ಬೇಡ ಎಂದು ಅವನು ಮುಂದೆ ಹೇಳಿದ್ದು ಯಾವುದೂ ಸರ್ ಕಿವಿಗೆ ಬೀಳಲಿಲ್ಲ. ಜಗತ್ತಿನ ಎಲ್ಲ ಓದುಗರ ಕೈಯಲ್ಲೂ ಏಕಕಾಲಕ್ಕೆ ತಮ್ಮ ಹೆಬ್ಬೆರಳು ಊರಬಹುದೆಂಬುದು ಅವರಿಗೆ ಹೊಳೆದುಹೋಗಿತ್ತು.

ಮರುದಿನದಿಂದಲೇ ಪ್ರಚಾರ. ಬೆಣ್ಣೆದೋಸೆ ಹೋಟೆಲಿನಲ್ಲಿ ಗೆಳೆಯರ ಮುಂದೆ ಯಾರದೋ ಇ-ಪುಸ್ತಕ ತೆರೆದು, “ನೋಡ್ರಿ, ಒತ್ತಿದ್ರೆ ಹೋಗ್ತತಿ” ಎಂದು ಒತ್ತಿದರು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿದರು. ದಾವಣಗೆರೆ ದೋಸೆಯ ಬೆಣ್ಣೆ ಮೆತ್ತಿದ ಬೆರಳು, ಯಾವ ಕಂಪನಿಯ ಪರದೆಯೂ ಅದಕ್ಕೆ ಬಗ್ಗುವುದಿಲ್ಲ. ಮಾಣಿ ಬಂದು ತನ್ನ ಒಣ ಬೆರಳಿನಿಂದ ಒತ್ತಿದ, ಹೋಯಿತು. ಅಂದು ಬಿಲ್ಲಿನ ಜೊತೆ ಅವನಿಗೆ ಟಿಪ್ಸೂ ಸಿಕ್ಕಿತು.

ಸರ್ ಅವರ ಹೊಸ ಕೃತಿ ಅರ್ಧ ಆತ್ಮಕಥೆ, ಅರ್ಧ ಊರ ಚರಿತ್ರೆ. ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ಕಾಲದ ದಾವಣಗೆರೆ, 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ದಾವಣಗೆರೆ, ಈ ಎರಡರ ನಡುವೆ ಸರ್ ಅವರ ಬಾಲ್ಯ, ವಿವಾಹ, ಬಡ್ತಿ, ವರ್ಗಾವಣೆ. 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಇಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಒಂದು ಅಧ್ಯಾಯ. ಅದರಲ್ಲಿ ಅಧ್ಯಕ್ಷರ ಭಾಷಣಕ್ಕೆ ಒಂದು ಪ್ಯಾರಾ, ಊಟದ ಕೌಂಟರಿನಲ್ಲಿ ಸರ್ ಸಲ್ಲಿಸಿದ ಸೇವೆಗೆ ಎಂಟು ಪುಟ. ಇದಕ್ಕೆಲ್ಲ ಮೊದಲು ಮುನ್ನುಡಿ, ಶುಭನುಡಿ, ನಲ್ನುಡಿ, ಆಶಯನುಡಿ, ಪ್ರಕಾಶಕರ ಮಾತು, ಲೇಖಕರ ಅರಿಕೆ, ಕೃತಜ್ಞತೆ. ಪ್ರಕಾಶಕರೂ ಲೇಖಕರೂ ಒಬ್ಬರೇ ಆದ್ದರಿಂದ ಆ ಎರಡು ಲೇಖನಗಳಲ್ಲಿ ಅವರು ಒಬ್ಬರನ್ನೊಬ್ಬರು ಹೊಗಳಿದ್ದಾರೆ.

ಕಡತ ಹಿಡಿದು ಸರ್ ಹೋದದ್ದು ಡಿಟಿಪಿ ಅಂಗಡಿಗೆ. ಲಗ್ನಪತ್ರಿಕೆ, ಗೃಹಪ್ರವೇಶ, ಕೈಲಾಸ ಸಮಾರಾಧನೆ ಎಲ್ಲವನ್ನೂ ಒಂದೇ ಮುಖಭಾವದಲ್ಲಿ ಟೈಪಿಸುವ ಹುಡುಗಿ ಅಲ್ಲಿದ್ದಾಳೆ. ಅವಳು ಕಡತ ತೆರೆದು ನಿಟ್ಟುಸಿರಿಟ್ಟಳು. ಸರ್ ‘ನುಡಿ’ ತಂತ್ರಾಂಶದಲ್ಲಿ ತಾವೇ ಟೈಪು ಮಾಡಿದ್ದರು. ಅಧ್ಯಾಯದ ಹೆಸರು ನಡುವೆ ಬರಲೆಂದು ಸ್ಪೇಸ್ ಬಾರ್ ಕುಟ್ಟಿ ಕುಟ್ಟಿ ತಳ್ಳಿದ್ದರು. ಹೊಸ ಪುಟ ಬರುವವರೆಗೆ ಎಂಟರ್ ಒತ್ತಿದ್ದರು. ಪರಿವಿಡಿಯಲ್ಲಿ ಹೆಸರಿಗೂ ಪುಟಸಂಖ್ಯೆಗೂ ನಡುವಿನ ಚುಕ್ಕಿಗಳನ್ನು ಒಂದೊಂದಾಗಿ ಕೈಯಾರೆ ಇಟ್ಟಿದ್ದರು. ಕಾಗದದಲ್ಲಿ ಇದು ಒಪ್ಪವಾಗಿ ಕಾಣುತ್ತದೆ. ಅದನ್ನೇ ಮೊಬೈಲಿಗೆ ಹಾಕಿದಾಗ ಚುಕ್ಕಿಗಳು ಮೂರು ಸಾಲು ಇಳಿದು ಹೋಗಿ, ಪುಟಸಂಖ್ಯೆ ಮುಂದಿನ ಅಧ್ಯಾಯದ ತಲೆಯ ಮೇಲೆ ಕೂತಿತ್ತು. ಎರಡು ಅಧ್ಯಾಯಗಳ ನಡುವೆ ಬೆರಳು ಸೋಲುವಷ್ಟು ಖಾಲಿ ಜಾಗ.

“ಇದು ಹಳೇ ನುಡಿ ಫಾಂಟು ಸರ್. ಯೂನಿಕೋಡಿಗೆ ತಿರುಗಿಸ್ಬೇಕು. ಇಲ್ಲಾಂದ್ರೆ ಓದೋರ ಫೋನ್‌ನಾಗೆ ಕನ್ನಡಾನೇ ಬರಲ್ಲ.”

ತಿರುಗಿಸಿದಳು. ಅರ್ಕಾವತ್ತುಗಳೆಲ್ಲ ಒಂದೊಂದು ಮನೆ ಮುಂದೆ ಹೋಗಿ ಕೂತವು. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಬರೆಯುವುದು, ಯೂನಿಕೋಡಿನಲ್ಲಿ ಅದು ಅಕ್ಷರಕ್ಕಿಂತ ಮೊದಲು. ಪರಿವರ್ತಕಕ್ಕೆ ಅಷ್ಟು ವ್ಯವಧಾನ ಇರಲಿಲ್ಲ. ಕರ್ನಾಟಕ ‘ಕನಾರ್ಟಕ’ವಾಯಿತು. ಸೂರ್ಯ ‘ಸೂಯರ್’ ಆಗಿ ಮುಳುಗಿದ. ಶುಭನುಡಿ ಬರೆದುಕೊಟ್ಟ ಪರಿಷತ್ತಿನ ಮಾಜಿ ಕಾರ್ಯದರ್ಶಿಗಳು ‘ಕಾಯರ್ದಶಿರ್’ ಆದರು. ಸರ್ ಹೌಹಾರಿದರು: “ಇದು ಅವರ ಕಣ್ಣಿಗೆ ಬಿದ್ರೆ ಮುಂದಿನ ಪುಸ್ತಕಕ್ಕೆ ಶುಭ ಎಲ್ಲಿಂದ ಬರ್ತತವ್ವಾ?” ಒಂದೊಂದೇ ತಿದ್ದುತ್ತ ಹುಡುಗಿ ಇಡೀ ಪುಸ್ತಕವನ್ನು ಓದಬೇಕಾಯಿತು. ಸರ್ ಕೃತಿಯನ್ನು ಮೊದಲಿಂದ ಕೊನೆಯವರೆಗೆ ಓದಿದ ಪ್ರಥಮ ವ್ಯಕ್ತಿ ಅವಳೇ. ಸರ್ ಕೂಡ ಅಷ್ಟು ಓದಿರಲಿಲ್ಲ. ಅವರು ಬರೆದಿದ್ದರು ಅಷ್ಟೆ.

ಆಮೇಲೆ ಹೆಡಿಂಗಿನ ಪ್ರಶ್ನೆ ಬಂತು. ವರ್ಡ್‌ನಲ್ಲಿ ಅಧ್ಯಾಯದ ಹೆಸರಿಗೆ ‘ಹೆಡಿಂಗ್ 1’, ಒಳಗಿನ ಉಪಶೀರ್ಷಿಕೆಗೆ ‘ಹೆಡಿಂಗ್ 2’ ಎಂಬ ಸ್ಟೈಲ್ ಕೊಟ್ಟರೆ ಸಾಕು, ಪರಿವಿಡಿ ತಾನಾಗಿ ಹುಟ್ಟಿಕೊಳ್ಳುತ್ತದೆ, ಒತ್ತಿದರೆ ಹೋಗುತ್ತದೆ. ಇ-ಪುಸ್ತಕದ ಇಪಬ್ ಕಡತ ಮಾಡಿದಾಗ ಓದುವ ಆ್ಯಪಿನ ಮೆನುವಿನಲ್ಲೂ ಅವೇ ಹೆಸರುಗಳು ಸಾಲಾಗಿ ನಿಲ್ಲುತ್ತವೆ. ಹುಡುಗಿ ಅಧ್ಯಾಯಗಳಿಗೆ ಒಂದು ಕೊಟ್ಟು, ಮುನ್ನುಡಿ ಶುಭನುಡಿಗಳನ್ನು ಎರಡಕ್ಕೆ ಇಳಿಸಿದಳು. ಸರ್ ಎದ್ದು ನಿಂತರು. ಮುನ್ನುಡಿ ಬರೆದ ನಿವೃತ್ತ ಪ್ರಾಂಶುಪಾಲರಿಗೆ ಹೆಡಿಂಗ್ 2 ಕೊಡುವುದೆಂದರೆ ವೇದಿಕೆಗೆ ಕರೆದು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ ಹಾಗೆ. ಎಲ್ಲರಿಗೂ ಒಂದೇ ಆಯಿತು. ಕೃತಜ್ಞತೆಯಲ್ಲಿದ್ದ ಭಾವಮೈದ, ಷಡ್ಡಕ, ಬೀಗರು, ಸೊಸೆಯ ತಮ್ಮ ಎಲ್ಲರ ಹೆಸರಿಗೂ ಒಂದೊಂದು ಲಿಂಕ್. ಪರಿವಿಡಿಯೇ ಹನ್ನೊಂದು ಪರದೆ ಉದ್ದವಾಯಿತು. ಅದರೊಳಗೆ ದಾರಿ ತಪ್ಪದಂತೆ ‘ಪರಿವಿಡಿಯ ಪರಿವಿಡಿ’ ಒಂದನ್ನು ಮಾಡಬಹುದೇ ಎಂದು ಸರ್ ಗಂಭೀರವಾಗಿ ಕೇಳಿದರು.

ಹರಿಹರದ ಅಧ್ಯಾಯ ಬಂದಾಗ ಇನ್ನೊಂದು ಸೂಕ್ಷ್ಮ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ವಿಗ್ರಹದ ಬಲಭಾಗ ಶಿವ, ಎಡಭಾಗ ವಿಷ್ಣು. ಸರ್ ಬೀಗರಲ್ಲಿ ಒಂದು ಕಡೆಯವರು ಮೂರು ಪಟ್ಟೆಯವರು, ಇನ್ನೊಂದು ಕಡೆಯವರು ಮೂರು ನಾಮದವರು. ಪರಿವಿಡಿಯಲ್ಲಿ ಹರಿಗೆ ಬೇರೆ, ಹರನಿಗೆ ಬೇರೆ ಸಾಲು ಬೇಕೆಂದರು. ಹುಡುಗಿ ಅಧ್ಯಾಯದ ತಲೆಗೆ ಒಂದೇ ಬುಕ್‌ಮಾರ್ಕ್ ನೆಟ್ಟು ಎರಡೂ ಸಾಲನ್ನು ಅದಕ್ಕೇ ಕಟ್ಟಿದಳು. ಹರಿಯನ್ನು ಒತ್ತಿದರೂ ಅಲ್ಲಿಗೇ, ಹರನನ್ನು ಒತ್ತಿದರೂ ಅಲ್ಲಿಗೇ. ಸರ್ ಕಣ್ಣು ತುಂಬಿ ಬಂತು: “ಎಂಟು ನೂರು ವರ್ಷದ ಹಿಂದೆ ಪೊಲಾಳ್ವ ಮಾಡಿದ್ದನ್ನ ಎರಡು ನಿಮಿಷದಾಗೆ ಮಾಡಿದೆಲ್ಲವ್ವಾ!” ಅವಳು, “ಎರಡು ಬುಕ್‌ಮಾರ್ಕ್ ಮಾಡಾಕೆ ಬ್ಯಾಸರ ಆತು ಸರ್” ಎಂದಳು.

ಪುಟಸಂಖ್ಯೆಯ ಜಗಳ ಮಾತ್ರ ಬೇಗ ಮುಗಿಯಲಿಲ್ಲ. ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟ ಹೆಚ್ಚುತ್ತದೆ, ಸಣ್ಣದು ಮಾಡಿದರೆ ಕಡಿಮೆಯಾಗುತ್ತದೆ; ಇಂಥದ್ದೇ ಪುಟ ಎಂಬುದು ಅಲ್ಲಿಲ್ಲ. ಸರ್ ಒಪ್ಪಲಿಲ್ಲ. ನಲವತ್ತೆರಡನೇ ಪುಟವಿಲ್ಲದ ಪುಸ್ತಕವನ್ನು ಅವರು ಯಾವ ಮುಖದಿಂದ ಕೊಡಬೇಕು? “ಪುಟಾನೇ ಇರಲ್ಲ ಸರ್, ಲಿಂಕ್ ಅಷ್ಟೇ ಇರ್ತತಿ” ಎಂದು ಹುಡುಗಿ ದಿನಾ ಹೇಳಿದಳು. ಸರ್ ದಿನಾ ತಲೆ ಅಲ್ಲಾಡಿಸಿದರು.

ಈ ನಡುವೆ ಒಂದು ಸಂಜೆ ಅವಳು ಕೀಲಿಮಣೆಯಿಂದ ಕಣ್ಣೆತ್ತದೆಯೇ, “ಸರ್, ಮಿಲ್ಲಿನ ಸೈರನ್ ಕೇಳಿ ನಿಮ್ಮವ್ವ ಒಲೆ ಹಚ್ತಿದ್ರು ಅಂತ ಬರ್ದೀರಲ್ಲ, ಮಿಲ್ ನಿಂತ ಮೇಲೂ ಅದೇ ಹೊತ್ತಿಗೆ ಎದ್ದು ಕೂರ್ತಿದ್ರು ಅಂತ, ಅದು ಭಾಳ ಚಲೋ ಐತ್ರಿ” ಎಂದಳು. ಸರ್‌ಗೆ ಆ ಸಾಲುಗಳು ತಕ್ಷಣ ನೆನಪಾಗಲಿಲ್ಲ. ‘ನನ್ನ ಬಡ್ತಿ ಮತ್ತು ವರ್ಗಾವಣೆ’ ಅಧ್ಯಾಯದ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದವು. ಹೆಡಿಂಗ್ ಇಲ್ಲ, ಲಿಂಕ್ ಇಲ್ಲ. “ಅಲ್ಲಿಗೆ ಹೆಂಗ ಹೋಗದು?” ಎಂದರು ಗಾಬರಿಯಲ್ಲಿ. “ಓದ್ತಾ ಹೋದ್ರೆ ಬರ್ತತಿ ಸರ್.” ಇದು ಸರ್ ಯೋಚಿಸಿರದ ಮಾರ್ಗ.

ಕಿಂಡಲ್‌ಗೇ ಹಾಕಬೇಕೆಂಬ ಆಸೆಯಿತ್ತು. 2016ರ ಕೊನೆಗೆ ಅಮೆಜಾನ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇ-ಪುಸ್ತಕಗಳಿಗೆ ಬಾಗಿಲು ತೆರೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ ಎಂದು ಮಗ ತಿಳಿಸಿದ. ಸರ್ ಆ ಕುರಿತು ಪತ್ರಿಕೆಗೆ ಖಾರವಾದ ಪತ್ರ ಬರೆದು, ಗೂಗಲ್ ಪ್ಲೇ ಬುಕ್ಸ್‌ಗೆ ಏರಿಸಲು ಒಪ್ಪಿದರು. ಪುಕ್ಕಟೆ ಸಿಗುವ 13 ಅಂಕಿಯ ಐಎಸ್‌ಬಿಎನ್ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಹೆಂಡತಿಯ ಮೊಬೈಲ್ ನಂಬರ್ ಇವತ್ತಿಗೂ ಬಾಯಿಗೆ ಬಾರದ ಸರ್‌ಗೆ ಆ 13 ಅಂಕಿ ಕಂಠಪಾಠ.

ಲೋಕಾರ್ಪಣೆ ಕುವೆಂಪು ಕನ್ನಡ ಭವನದಲ್ಲಿ. ಇ-ಪುಸ್ತಕವನ್ನು ಬಿಡುಗಡೆ ಮಾಡುವುದು ಹೇಗೆ? ಮಗನ ಟ್ಯಾಬನ್ನು ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿದರು. ಅತಿಥಿಗಳು ರಿಬ್ಬನ್ ಬಿಚ್ಚಿದರು. ಫೋಟೊಗ್ರಾಫರ್ “ಎಲ್ರೂ ಹಿಡೀರಿ ಸರ್” ಎಂದ. ವೇದಿಕೆಯ ಏಳೂ ಜನ ಟ್ಯಾಬಿಗೆ ಕೈ ಹಾಕಿದರು. ಏಳು ಹೆಬ್ಬೆರಳು ಪರದೆಯ ಮೇಲೆ ಬಿದ್ದವು. ಪುಸ್ತಕ ಮುಖಪುಟದಿಂದ ಹಾರಿ ಶುಭನುಡಿಗೆ, ಅಲ್ಲಿಂದ ಹರನಿಗೆ, ಅಲ್ಲಿಂದ ಸೊಸೆಯ ತಮ್ಮನಿಗೆ ಹೋಗಿ ನಿಂತಿತು. ಪತ್ರಿಕೆಯಲ್ಲಿ ಬಂದ ಫೋಟೊದಲ್ಲಿ ಸರ್ ಕೃತಿಯ ಹೆಸರು ಕಾಣುವುದಿಲ್ಲ, ಸೊಸೆಯ ತಮ್ಮನದು ಸ್ಪಷ್ಟವಾಗಿ ಕಾಣುತ್ತದೆ.

ಓದುಗರ ಪ್ರತಿಕ್ರಿಯೆಯೂ ಬಂತು. ಹರಿಹರದ ಷಡ್ಡಕರು ಫೋನ್ ಮಾಡಿ, “ನನ್ನ ಹೆಸರು ಒತ್ತಿದೆ, ನನ್ನ ಹತ್ರಾನೇ ಹೋತು. ವಾಪಸ್ ಬಂದು ಇನ್ನೊಮ್ಮೆ ಒತ್ತಿದೆ. ಅದ್ಭುತ ಕೃತಿ” ಎಂದರು.

ಈ ಖುಷಿಯಲ್ಲೇ ಸರ್ ಬಾಕಿ ತೀರಿಸಲು ಡಿಟಿಪಿ ಅಂಗಡಿಗೆ ಬಂದರು. ಹುಡುಗಿ ಪುಟಕ್ಕೆ ಇಷ್ಟೆಂದು ಎಣಿಸಿ ಬಿಲ್ ಕೊಟ್ಟಳು. ಸರ್ ಕನ್ನಡಕ ಏರಿಸಿ ಓದಿದರು. ಮುಖದಲ್ಲಿ ಜ್ಞಾನೋದಯದ ಕಳೆ.

“ಅಲ್ಲವ್ವಾ, ಇ-ಪುಸ್ತಕಕ್ಕೆ ಪುಟಾನೇ ಇರಲ್ಲ ಅಂತ ನೀನೇ ಅಲ್ಲೇನು ಹೇಳಿದ್ದು? ಇಲ್ಲದ ಪುಟಕ್ಕೆ ರೊಕ್ಕ ಹೆಂಗ ಹಾಕಿದೆ?”

ಹುಡುಗಿ ಬಿಲ್ ಹಿಂದಕ್ಕೆ ತೆಗೆದುಕೊಂಡಳು. “ಹೌದು ಸರ್, ತಪ್ಪಾತು. ಲಿಂಕಿಗೆ ಇಷ್ಟು ಅಂತ ಹಾಕಿ ಕೊಡ್ತೀನಿ ತಡೀರಿ.”

ಸರ್ ಒಂದು ಗಳಿಗೆ ಮೇಲೆ ನೋಡುತ್ತ ಭಾವಮೈದನಿಂದ ಹಿಡಿದು ಬೀಗರವರೆಗೆ ಮನಸ್ಸಿನಲ್ಲೇ ಎಣಿಸಿದರು. ಆಮೇಲೆ ಜೇಬಿಗೆ ಕೈ ಹಾಕಿದರು.

“ಬ್ಯಾಡ ಬಿಡವ್ವಾ. ಪುಟದ ಲೆಕ್ಕಾನೇ ಇರ್ಲಿ.”