ಕಾಫಿ ಯಂತ್ರದ ಹೊಟ್ಟೆ ತೊಳೆಯುವ ಕ್ರಮ: ಬೋರ್‌ವೆಲ್ ಆವೃತ್ತಿ

ಈ ಕೈಪಿಡಿ ಯಾರಿಗೆ

ಕರೆಂಟಿನ ಡ್ರಿಪ್ ಕಾಫಿ ಯಂತ್ರವಿದ್ದು, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನು ನಂಬಿಕೊಂಡಿರುವ ಬೆಂಗಳೂರಿನ ಮನೆಗಳಿಗೆ. ಯಂತ್ರವನ್ನು ಮಗ ಅಮೆರಿಕದಿಂದ ಹೊತ್ತು ತಂದಿದ್ದರೆ, ಬೇರೆ ಏನು ಮಾಡುವ ಮೊದಲೂ ಅದನ್ನು ಬೋರಲು ಹಾಕಿ ತಳದ ಚೀಟಿ ಓದತಕ್ಕದ್ದು. ಅಲ್ಲಿ 120 ವೋಲ್ಟ್ ಎಂದಿದ್ದು, ನೀವು ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟಿಗೆ ಚುಚ್ಚಿದರೆ, ಒಳಗಿನ ಕಾಯಿಲ್ ಮೇಲೆ ಮೂರೂವರೆ ಪಟ್ಟಿಗೂ ಮಿಕ್ಕಿದ ಶಾಖ ಬೀಳುತ್ತದೆ. ಆ ಬಳಿಕ ಈ ಕೈಪಿಡಿಯ ಅಗತ್ಯ ಬೀಳುವುದಿಲ್ಲ.

ಪೆಟ್ಟಿಗೆಯಲ್ಲಿ ಬಂದ ಅಸಲಿ ಕೈಪಿಡಿಯನ್ನೂ ಎಸೆಯಬೇಡಿ. ಅದರಲ್ಲಿ ಸುಣ್ಣ ತೆಗೆಯುವ ವಿಚಾರಕ್ಕೆ ಒಂದು ಪ್ಯಾರಾ ಇರುತ್ತದೆ. ‘ನಿಮ್ಮ ನೀರಿನ ಗಡಸುತನಕ್ಕೆ ಅನುಗುಣವಾಗಿ’ ಎಂದು ಶುರುವಾಗುವ ಆ ಪ್ಯಾರಾ ಬರೆದವರಿಗೆ ನಮ್ಮ ಟ್ಯಾಂಕರ್ ಚಾಲಕರ ಪರಿಚಯವಿಲ್ಲ. ಈ ಜಾತಿಯ ಯಂತ್ರ ಹುಟ್ಟಿದ್ದು ಜರ್ಮನಿಯಲ್ಲಿ, 1954ರಲ್ಲಿ. ಗಾಟ್ಲೋಬ್ ವಿಡ್ಮನ್ ಎಂಬಾತನ ವಿಗೊಮಾಟ್ ಅದರ ಮೂಲಪುರುಷ. ಅಲ್ಲೂ ಬಹಳ ಕಡೆ ನೀರು ಗಡಸೇ. ಆದರೆ ನೀರು ಕೊಡುವವರು ಅದು ಮೆದುವೋ ಮಧ್ಯಮವೋ ಗಡಸೋ ಎಂದು ಗ್ರಾಹಕರಿಗೆ ತಿಳಿಸಬೇಕೆಂಬ ಕಾನೂನಿದೆ. ನಮ್ಮಲ್ಲಿ ಟ್ಯಾಂಕರಿನವನನ್ನು ಕೇಳಿದರೆ ಸಿಗುವ ಮಾನ ಒಂದೇ: ‘ಸಿಹಿನೀರು ಸಾರ್, ನೀವೇ ಕುಡಿದು ನೋಡಿ.’ 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿತು. ಗಡಸುತನದ ಮಾತು ಆಗಲೂ ಬರಲಿಲ್ಲ.

ಯಂತ್ರದೊಳಗೆ ಏನಿದೆ

ಪಂಪ್ ಇದೆ ಎಂದುಕೊಂಡಿದ್ದರೆ ಇಲ್ಲ. ಮಾಮೂಲಿ ಡ್ರಿಪ್ ಯಂತ್ರದಲ್ಲಿ ಮೋಟಾರೂ ಇರುವುದಿಲ್ಲ. ಹಿಂಬದಿಯ ತೊಟ್ಟಿಯಿಂದ ಇಳಿದ ನೀರು, ಒಮ್ಮೆ ದಾಟಿದರೆ ಹಿಂದಿರುಗಲು ಬಿಡದ ಪುಟ್ಟ ವಾಲ್ವ್ ಹಾಯ್ದು, ಕಾಯಿಲ್‌ಗೆ ಅಂಟಿಕೊಂಡ ಸಣ್ಣ ಲೋಹದ ಕೊಳವೆಗೆ ಬರುತ್ತದೆ. ಅದು ಸಾಮಾನ್ಯವಾಗಿ ಅಲ್ಯೂಮಿನಿಯಂ. ಅಲ್ಲಿ ಕುದಿದು ಎದ್ದ ಗುಳ್ಳೆಗಳು ಬಿಸಿನೀರನ್ನು ನೂಕಿಕೊಂಡು ಮೇಲೇರುತ್ತವೆ, ನೀರು ಪುಡಿಯ ಮೇಲೆ ಹನಿಯುತ್ತದೆ. ಗಾಜಿನ ಜಗ್ಗಿನ ಕೆಳಗಿನ ತಟ್ಟೆಯನ್ನು ಬಿಸಿಯಾಗಿಡುವುದೂ ಅದೇ ಕಾಯಿಲ್. ಇಡೀ ವ್ಯಾಪಾರ ನಡೆಯುವುದು ಆ ಒಂದು ಕೊಳವೆಯಲ್ಲಿ, ಮತ್ತು ಆ ಕೊಳವೆ ನಿಮ್ಮ ಕಣ್ಣಿಗೆ ಎಂದೂ ಬೀಳುವುದಿಲ್ಲ. ಮನೆಯವರ ಜಗಳಗಳಿಗೆಲ್ಲ ಇದೇ ಮೂಲ.

ಕೊಳೆಯಲ್ಲಿ ಎರಡು ಬಗೆ

ಕಂದು ಕೊಳೆ ಕಾಫಿಯದು. ಹುರಿದ ಬೀಜದ ಎಣ್ಣೆ ಜಗ್ಗಿಗೂ ಜಾಲರಿಗೂ ಮೆತ್ತಿಕೊಂಡು, ಕೆಲವೇ ದಿನಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಚಿಕೋರಿ ಬೆರೆತ ಪುಡಿಯಾದರೆ ಅಂಟು ಇನ್ನೂ ಜಾಸ್ತಿ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದೆಂಬುದು ಸರ್ಕಾರದ ನಿಯಮ. ಉಳಿದ 49 ನಿಮ್ಮ ಜಾಲರಿಯ ಕಣ್ಣುಗಳಲ್ಲಿ ಕೂತಿರುತ್ತದೆ.

ಬಿಳಿ ಕೊಳೆ ನೀರಿನದು. ಇದನ್ನು ನಾವು ‘ಉಪ್ಪು ಕಟ್ಟಿದೆ’ ಎನ್ನುತ್ತೇವಾದರೂ ನಾಲಿಗೆಗೆ ಇದು ಉಪ್ಪಲ್ಲ, ಸುಣ್ಣಕಲ್ಲಿನ ವಂಶದ ಕ್ಯಾಲ್ಸಿಯಂ ಕಾರ್ಬೊನೇಟ್. ಬಂಡೆಯ ಸಂದಿಯಲ್ಲಿ ನೀರು ಇಳಿಯುವಾಗ ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಂಡ ಕ್ಯಾಲ್ಸಿಯಂ, ನೀರು ಕಾದೊಡನೆ ಕಾರ್ಬೊನೇಟ್ ಆಗಿ ಬೇರ್ಪಟ್ಟು ಗಟ್ಟಿಯಾಗುತ್ತದೆ. ಎಲ್ಲಿ ಹೆಚ್ಚು ಬಿಸಿಯೋ ಅಲ್ಲೇ ಹೆಚ್ಚು ಕೂರುತ್ತದೆ, ಅಂದರೆ ಕೊಳವೆಯ ಒಳಗೋಡೆಯಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರು ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ಆ 600ರ ನೀರನ್ನು ದಿನಕ್ಕೊಂದು ಲೀಟರಿನಂತೆ ಯಂತ್ರಕ್ಕೆ ಹಾಕಿದರೆ ತಿಂಗಳಿಗೆ 18 ಗ್ರಾಂ ಗಡಸು ಅದರ ಗಂಟಲಲ್ಲಿ ಹಾಯ್ದಂತಾಯಿತು. ಎಲ್ಲವೂ ಅಲ್ಲೇ ನಿಲ್ಲುವುದಿಲ್ಲ, ಒಂದಷ್ಟು ನಿಮ್ಮ ಲೋಟಕ್ಕೂ ಬರುತ್ತದೆ. ಕಾವೇರಿ ನೀರಿನ ಭಾಗ್ಯ ಇರುವವರಿಗೆ ಈ ಕಾಟ ಕಡಿಮೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಮೂರು ಕಡೆ ಪಂಪ್ ಮಾಡಿ ಏರಿಸಿ ತಂದ ನೀರು ಅದು. ಅದರಲ್ಲಿ ಕಾರು ತೊಳೆದು, ಕಾಫಿಗೆ ಬೋರ್‌ವೆಲ್ ನೀರು ಹಾಕುವ ಮನೆಗಳೂ ಉಂಟು. ಅವರಿಗೆ ಈ ಕೈಪಿಡಿ ಏನನ್ನೂ ಹೇಳಲಾರದು.

ಕಂದು ಕೊಳೆಗೆ ಸೋಪು, ಬಿಳಿ ಕೊಳೆಗೆ ಹುಳಿ. ಅದಲುಬದಲಾದರೆ ಏನೂ ಆಗುವುದಿಲ್ಲ. ಅಂದರೆ ಕೊಳೆ ಇದ್ದಲ್ಲೇ ಇರುತ್ತದೆ. ಮುಕ್ಕಾಲು ಮನೆಗಳಲ್ಲಿ ಜಗ್ಗನ್ನು ಫಳಫಳ ಉಜ್ಜಿ, ಯಂತ್ರ ತೊಳೆದೆವು ಎಂದು ಕೈ ಒರೆಸಿಕೊಳ್ಳುತ್ತಾರೆ.

ಯಂತ್ರ ದೂರು ಕೊಡುವ ಬಗೆ

ಕಾಫಿ ಇಳಿಯಲು ಮೊದಲಿಗಿಂತ ಹೊತ್ತು ಹಿಡಿಯುವುದು. ಗೊರಗೊರ ಸದ್ದು ಕೊನೆಗೆ ಬರುವ ಬದಲು ಮೊದಲಿಗೇ ಶುರುವಾಗುವುದು. ಹಬೆ ಜಾಸ್ತಿ, ಕಾಫಿ ಕಡಿಮೆ. ಇಳಿದ ಕಾಫಿಗೆ ಬಿಸಿ ಸಾಲದೆ ಮಾವನವರು ಲೋಟ ಹಿಡಿದು ಗ್ಯಾಸ್ ಒಲೆಯತ್ತ ನಡೆಯುವುದು. ದುಬಾರಿ ಯಂತ್ರಗಳಲ್ಲಿ ಕೆಂಪು ದೀಪವೂ ಮಿನುಗುತ್ತದೆ. ಮೊದಲ ದಿನ ಅದನ್ನು ಎಲ್ಲರೂ ನೋಡುತ್ತಾರೆ. ಆಮೇಲೆ ಅದು ದೇವರಮನೆಯ ಸೀರಿಯಲ್ ಸೆಟ್ಟಿನಂತೆ ಮನೆಯ ಅಲಂಕಾರವಾಗಿ ಸೇರಿಹೋಗುತ್ತದೆ.

ಬೇಕಾಗುವ ಸಾಮಾನು, ಬೇಡವಾದ ಸಾಮಾನು

ಗ್ರಂದಿಗೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಲೀಟರ್ ನೀರಿಗೆ ಎರಡು ಚಮಚ. ಇಲ್ಲವೇ ಬಣ್ಣವಿಲ್ಲದ ವಿನಿಗರ್, ಅಷ್ಟೇ ನೀರು ಬೆರೆಸಿ. ನನ್ನ ವೋಟು ನಿಂಬೆ ಉಪ್ಪಿಗೆ. ವಿನಿಗರ್ ಹಾಕಿದ ಮನೆಯಲ್ಲಿ ಮಾರನೆಯ ದಿನ ‘ಏನಮ್ಮಾ, ಕಾಫಿಗೆ ಉಪ್ಪಿನಕಾಯಿ ವಾಸನೆ?’ ಎಂಬ ಪ್ರಶ್ನೆ ಬರದೆ ಇರುವುದಿಲ್ಲ, ಮತ್ತು ಅದಕ್ಕೆ ಸೊಸೆಯೇ ಉತ್ತರ ಹೇಳಬೇಕಾಗುತ್ತದೆ.

ಹುಣಸೆಹಣ್ಣು ಬೇಡ. ಹಿತ್ತಾಳೆ ಬೆಳಗುವ ಹುಣಸೆಹಣ್ಣು ಇದನ್ನೂ ಬೆಳಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಹಿತ್ತಾಳೆಯ ವಿಷಯದಲ್ಲಿ ಅವರ ಮಾತು ಪೂರಾ ಸರಿ. ಆದರೆ ಹುಣಸೆಯ ಟಾರ್ಟಾರಿಕ್ ಆಮ್ಲ ಸುಣ್ಣದೊಡನೆ ಕೂಡಿ ಹುಟ್ಟುವ ಲವಣ ನೀರಿನಲ್ಲಿ ಸುಲಭಕ್ಕೆ ಕರಗದು. ಹಳೆಯ ಗೋಡೆ ಕೆಡವಿ ಹೊಸ ಗೋಡೆ ಎಬ್ಬಿಸಿದಂತಾಗುತ್ತದೆ. ಮೇಲಾಗಿ ನಾರು ಕೊಳವೆಯಲ್ಲಿ ಸಿಕ್ಕಿಕೊಂಡರೆ ತೆಗೆಯುವವರು ಯಾರು? ಕಕ್ಕಸು ತೊಳೆಯುವ ಆಸಿಡ್ಡಿಗೆ ಸುಣ್ಣವೂ ಒಂದೇ ಅಲ್ಯೂಮಿನಿಯಮ್ಮೂ ಒಂದೇ, ಎರಡನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪೌಡರನ್ನು ಯಾವ ಹುಳಿಯ ಜೊತೆಗೂ ಸೇರಿಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಮುಹೂರ್ತ

ಬೆಳಗಿನ ಐದೂವರೆಯಿಂದ ಎಂಟು, ಸಂಜೆಯ ನಾಲ್ಕರಿಂದ ಐದು ವರ್ಜ್ಯ. ಏಕಾದಶಿಯನ್ನು ನೆಚ್ಚಬೇಡಿ, ಉಪವಾಸದ ದಿನ ಕಾಫಿ ಲೆಕ್ಕಕ್ಕಿಲ್ಲ ಎಂಬ ಶಾಸ್ತ್ರ ಬಹಳ ಮನೆಗಳಲ್ಲಿ ಚಾಲ್ತಿಯಲ್ಲಿದೆ. ಗ್ರಹಣ ಹಿಡಿದ ಹೊತ್ತು ಅತ್ಯಂತ ಪ್ರಶಸ್ತ. ಹಿರಿಯರು ಏನನ್ನೂ ಬಾಯಿಗೆ ಹಾಕುವುದಿಲ್ಲ, ಬಿಟ್ಟ ಮೇಲೆ ಹೇಗೂ ಎಲ್ಲವನ್ನೂ ತೊಳೆಯುವುದಿರುತ್ತದೆ. ಆದರೆ ಬೋರ್‌ವೆಲ್ ನೀರಿನ ಯಂತ್ರಕ್ಕೆ ತಿಂಗಳಿಗೊಮ್ಮೆ ಈ ಸ್ನಾನ ಬೇಕು, ಗ್ರಹಣಗಳು ಅಷ್ಟು ಉದಾರವಾಗಿ ಬರುವುದಿಲ್ಲ. ಉಳಿದ ತಿಂಗಳು ಮಧ್ಯಾಹ್ನದ ನಿದ್ದೆಯ ಹೊತ್ತೇ ಗತಿ.

ವಿಧಾನ

ಜಾಲರಿಯಿಂದ ಪುಡಿ ತೆಗೆಯಿರಿ. (ಮರೆತು, ಹುಳಿ ನೀರಿನಲ್ಲಿ ಡಿಕಾಕ್ಷನ್ ಇಳಿಸಿದವರಿದ್ದಾರೆ.) ನಿಂಬೆ ಉಪ್ಪನ್ನು ತಣ್ಣೀರಿನಲ್ಲಿ ಪೂರ್ತಿ ಕರಗಿಸಿ ತೊಟ್ಟಿಗೆ ಸುರಿದು ಸ್ವಿಚ್ ಹಾಕಿ. ಅರ್ಧ ಇಳಿಯುತ್ತಲೇ ಆರಿಸಿ, ಅರ್ಧ ಗಂಟೆ ಸುಮ್ಮನೆ ಬಿಡಿ. ಈ ಹೊತ್ತಿನಲ್ಲಿ ಕೊಳವೆಯೊಳಗೆ ಸುಣ್ಣ ಕರಗುತ್ತ, ಇಂಗಾಲದ ಡೈಆಕ್ಸೈಡ್ ಸಣ್ಣಗೆ ನೊರೆಯೇಳುತ್ತಿರುತ್ತದೆ. ಆರಿಸದೆ ಒಂದೇ ಉಸಿರಿಗೆ ಕಾಯಿಸಿ ಇಳಿಸುವ ಆತುರ ಬೇಡ; ಹುಳಿಗೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ, ಸಾಲದ್ದಕ್ಕೆ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಏರಿದಷ್ಟೂ ಕಡಿಮೆ ಕರಗುವ ವಿಚಿತ್ರ ಸ್ವಭಾವದ್ದು. ಆಮೇಲೆ ಉಳಿದರ್ಧವನ್ನು ಇಳಿಸಿ ಚೆಲ್ಲಿ. ಬರೀ ನೀರನ್ನು ಎರಡು ಸಲ, ವಿನಿಗರ್ ಆಗಿದ್ದರೆ ಮೂರು ಸಲ ಹಾಯಿಸಿ. ಜಗ್ಗಿಗೂ ಜಾಲರಿಗೂ ಬಿಸಿನೀರು, ಪಾತ್ರೆ ತೊಳೆಯುವ ಸೋಪು. ಕಲೆ ಮೊಂಡಾಗಿದ್ದರೆ ಚಿಟಿಕೆ ಅಡುಗೆ ಸೋಡ. ಸೋಡ ತೊಟ್ಟಿಯೊಳಕ್ಕೆ ಹೋಗಬಾರದು.

ಜಗ್ಗಿನಲ್ಲಿ ಬಿಳಿ ಹಕ್ಕಳೆಗಳು ತೇಲಿದರೆ ಗಾಬರಿ ಬೇಡ, ಸಂತೋಷಪಡಿ. ಅದನ್ನು ಮನೆಯವರಿಗೆಲ್ಲ ಕರೆದು ತೋರಿಸತಕ್ಕದ್ದು. ಇಷ್ಟು ದಿನ ಕಾಣದಿದ್ದ ಕೊಳೆಗೆ ಇದೊಂದೇ ಸಾಕ್ಷಿ. ಚೆಲ್ಲಿದ ಮೇಲೆ ‘ಚೆನ್ನಾಗೇ ಇತ್ತಲ್ಲ, ಯಾಕೆ ತೊಳೆದೆ’ ಎನ್ನುವವರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಆರ್‌ಒ ನೀರು ಹಾಕಿದರೆ ಈ ತಾಪತ್ರಯ ಇಲ್ಲವಲ್ಲ ಎನ್ನುವವರಿಗೆ: ನಿಜ, ಸುಣ್ಣ ಬಹುಮಟ್ಟಿಗೆ ಕಟ್ಟುವುದಿಲ್ಲ. ಆದರೆ ತೀರಾ ಬರಡು ನೀರಿನ ಕಾಫಿ ಸಪ್ಪೆ; ಪುಡಿಯ ಸ್ವಾದವನ್ನು ಎಳೆದು ತರಲು ನೀರಿಗೆ ಒಂದಿಷ್ಟು ಖನಿಜ ಬೇಕು. ಆರ್‌ಒ ನೀರು, ಬೋರ್‌ವೆಲ್ ನೀರು ಎರಡನ್ನೂ ಬೆರೆಸಿ ಹಾಕುವುದು ಮಧ್ಯಮಮಾರ್ಗ. ಟಿಡಿಎಸ್ ಮೀಟರ್ ಹಿಡಿದು ಬರುವ ಹುಡುಗ ನೀರಿಗೆ ಕರೆಂಟಿನ ಕಡ್ಡಿ ಅದ್ದಿ ಕಂದು ಬಗ್ಗಡ ಎಬ್ಬಿಸಿ ತೋರಿಸಿದರೆ, ಆ ಬಗ್ಗಡದ ಬಹುಪಾಲು ಅವನ ಕಬ್ಬಿಣದ ಕಡ್ಡಿಯದೇ ಎಂದು ತಿಳಿದಿರಲಿ. ಬಂದವನಿಗೆ ಕಾಫಿ ಕೊಟ್ಟು ಕಳಿಸಿ.

ಅನುಬಂಧ: ಹಳೆಯ ಫಿಲ್ಟರ್ ಉಳ್ಳವರಿಗೆ

ಸ್ಟೀಲ್ ಫಿಲ್ಟರಿಗೆ ಸುಣ್ಣದ ಕಾಟವೇ ಇಲ್ಲವೆಂದು ಅತ್ತೆಯವರು ಹೇಳುವುದು ನಿಜ. ನೀರು ಕುದಿಯುವುದು ಬೇರೆ ಪಾತ್ರೆಯಲ್ಲಿ. ಸುಣ್ಣವೆಲ್ಲ ಆ ಪಾತ್ರೆಯ ತಳಕ್ಕೆ. ಅದು ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ಯಾರಾದರೂ ಉಜ್ಜುತ್ತಾರೆ. ಫಿಲ್ಟರಿನ ರೋಗ ಒಂದೇ, ತೂತು ಕಟ್ಟಿಕೊಳ್ಳುವುದು. ಚರಟ ಚೆಲ್ಲಿ, ಮೇಲಿನ ಪಾತ್ರೆಯ ತಳವನ್ನು ಬೆಳಕಿಗೆ ಹಿಡಿದು ನೋಡಿ. ಕಣ್ಣು ಮುಚ್ಚಿದ ತೂತುಗಳಿದ್ದರೆ ಚಿಮಟದಲ್ಲಿ ಹಿಡಿದು ಗ್ಯಾಸಿನ ಉರಿಗೆ ತೋರಿಸಿ, ಒಳಗಿನ ಪುಡಿ ಸುಟ್ಟು ಕರಿಯಾದ ಮೇಲೆ ತಟ್ಟಿ, ಬ್ರಷ್ಷಿನಲ್ಲಿ ತಿಕ್ಕಿ. ಕಲಾಯಿ ಹಾಕಿಸಿದ ಹಿತ್ತಾಳೆ ಫಿಲ್ಟರಿಗೆ ಇದನ್ನು ಮಾಡಕೂಡದು. ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತದೆ, ಕಲಾಯಿಯವರು ಈಗ ಬೀದಿಯಲ್ಲಿ ಕೂಗುತ್ತ ಬರುವುದು ಅಪರೂಪ.

ಮೇಲಿನ ಪಾತ್ರೆ ಕೆಳಗಿನದರಲ್ಲಿ ಸಿಕ್ಕಿಕೊಂಡರೆ ಮನೆಯ ಬಲಶಾಲಿಯನ್ನು ಕರೆಯಬೇಡಿ, ಅವರು ಅಂಚು ನೆಗ್ಗಿಸುತ್ತಾರೆ. ಕೆಳಗಿನದನ್ನು ಬಿಸಿನೀರಿನಲ್ಲಿ ನಿಲ್ಲಿಸಿ, ಮೇಲಿನದಕ್ಕೆ ಐಸ್ ನೀರು ತುಂಬಿ, ಎರಡು ನಿಮಿಷ ಬಿಟ್ಟು ತಿರುಚಿ. ಬಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಬಲಶಾಲಿ ಬಂದು ನಿಂತಿದ್ದರೆ ಅವರ ಕೈಗೇ ಕೊಟ್ಟು ತಿರುಚಿಸಿ, ಅವರಿಂದಲೇ ಆಯಿತೆನ್ನಿ. ಮುಂದಿನ ತಿಂಗಳು ಯಂತ್ರಕ್ಕೆ ನಿಂಬೆ ಉಪ್ಪು ಹಾಕುವ ಕೆಲಸವನ್ನೂ ಒಪ್ಪಿಕೊಳ್ಳುತ್ತಾರೆ.